ಪೂರಾ ಬಿಚ್ಚಿದ ಚಾದರ

ಈ ಸಲ ಸೋಲಾಪುರಕ್ಕೆ ಚಳಿ ಬೇಗ ಬಂತು. ಬೆಳಿಗ್ಗೆ ಕಪಾಟಿನಿಂದ ಚಾದರ ಎಳೆದಾಗ ಗಂಜಿಯ, ಹೊಸ ನೂಲಿನ ವಾಸನೆ ಬಂತು. ಕೊಂಡು ಮೂರು ವರ್ಷವಾದರೂ ಆ ವಾಸನೆ ಹೋಗಿಲ್ಲ, ಯಾಕೆಂದರೆ ನಾನದನ್ನು ಒಮ್ಮೆಯೂ ಪೂರ್ತಿ ಬಿಚ್ಚಿ ಹೊದ್ದಿಲ್ಲ. ಅದರ ಜೊತೆಗೆ, ಕೆಳಗೆ ಇಟ್ಟಿದ್ದ ಹಳೆಯ ದಿನಚರಿಯೊಂದು ಜಾರಿ ನೆಲಕ್ಕೆ ಬಿತ್ತು. ದಿನಚರಿಗಳೆಲ್ಲ ಮೇಜಿನ ಮೇಲೆ ಸಾಲಾಗಿರುವಾಗ ಇದೊಂದು ಇಲ್ಲೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ.

ಅರ್ಧ ಬಿಚ್ಚಿದ ಚಾದರ ಎಂದರೆ ನನಗೆ ಶಾಂತಾಬಾಯಿಯವರು ನೆನಪಾಗುತ್ತಾರೆ. ನಮ್ಮ ಓಣಿಯ ತುದಿಯಲ್ಲಿ ಅವರ ಚಾದರದ ಅಂಗಡಿ. ನಮಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ. ಅರ್ಧ ಬಿಚ್ಚಿ ಮಾರುವುದು ಆ ಅಂಗಡಿಯಲ್ಲಿ ಇರಲೇ ಇಲ್ಲ. ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಗಿರಾಕಿಯ ಕೈಗೆ ಕೊಟ್ಟು, ಪೂರಾ ಎಳೆದು, ಎರಡೂ ಮಗ್ಗುಲು ತಿರುಗಿಸಿ ತೋರಿಸುವರು. ದೋಷವಿದ್ದರೆ ತಾವೇ ಬೆರಳಿಡುವರು.

ಒಮ್ಮೆ ಮಂಗಳವೇಢೆಯ ಗಿರಾಕಿಯೊಬ್ಬ ನಕ್ಕ. "ಕಾಕೂ, ನೀವ ತೋರಸದಿದ್ರ ನನಗ ಕಾಣತಿದ್ದಿಲ್ಲ ನೋಡ್ರಿ."

"ಮನಿಗಿ ಹೋದಮ್ಯಾಲೆ ಕಾಣತಿತ್ತು. ಆಗ ನನ್ನ ಮಾರಿ ನೆನಪಾಗತಿತ್ತು. ಅದಕ್ಕಿಂತ ಇಲ್ಲೇ ಬೈದು ಹೋಗು."

ಇಂಥ ಹೆಂಗಸು ಒಂದನ್ನು ಮಾತ್ರ ಮಡಚಿ ಒಳಗಿಟ್ಟಿದ್ದರು: ಮಗ ಮಲ್ಲುವಿನ ಕಾಯಿಲೆ. ಯಾರೂ ಮಾತನಾಡದಾಗಲೂ ಅವನಿಗೆ ಮಾತು ಕೇಳಿಸುತ್ತಿತ್ತು. ಡಾಕ್ಟರ ಗುಳಿಗೆ ಒಂದು ತಿಂಗಳು ನಡೆದರೆ ಮುಂದಿನ ತಿಂಗಳು ನಿಲ್ಲುತ್ತಿತ್ತು. ಮಗಳ ಮದುವೆಯ ಮಾತು ನಡೆದಿದ್ದರಿಂದ ಬಂಧುಗಳಿಗೆಲ್ಲ "ಪುಣೆದಾಗ ನೌಕರಿಗಿ ಅದಾನ" ಎಂದೇ ಹೇಳಿಕೆ. ಗುರುವಾರಕ್ಕೊಮ್ಮೆ ತಾಯಿ, ಮಗ ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ಹೋಗಿ ಬರುತ್ತಿದ್ದರು.

ಅಂಥ ಒಂದು ಗುರುವಾರ ಮಧ್ಯಾಹ್ನ ಮಲ್ಲು ಜನಸಂದಣಿಯಲ್ಲಿ ತಪ್ಪಿಹೋದ. ಹುಡುಕಿ ಸೋತ ಕಾಕೂ, ಮನೆಗೇನಾದರೂ ಬಂದಿದ್ದಾನೇನೋ ಎಂದು ಸೋಲಾಪುರಕ್ಕೆ ಮರಳಿದರು. ಸಂಜೆ ಪೊಲೀಸ್ ಠಾಣೆಯೊಂದರಿಂದ ಫೋನು ಬಂತು: ಯಾರದೋ ಮನೆಗೆ ನುಗ್ಗಿದ್ದಾನೆ, ಕರೆತಂದಿದ್ದೇವೆ, ಅವನಿಗೇನಾದರೂ ಕಾಯಿಲೆ ಇದೆಯೇ? ಅದೇ ಹೊತ್ತಿಗೆ ಬೀಗರಾಗುವವರು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ಕಾಕೂ ಹೇಳಿದ್ದು ಇಷ್ಟೇ, "ಏನೂ ಇಲ್ಲರಿ, ಆರಾಮ ಅದಾನ. ಈಗ ಬರತೀವಿ."

ಬೀಗರು ಎದ್ದ ಮೇಲೆ ಅವರು ಓಡಿದರು. ಅಷ್ಟರಲ್ಲಿ ಮಗನನ್ನು ಆಸ್ಪತ್ರೆಗೆ ಒಯ್ದಿದ್ದರು. ಬೆಳಗಾಗುವುದರೊಳಗೆ ಮಲ್ಲು ತೀರಿಕೊಂಡ. ಕರೆತರುವಾಗಲೇ ತಲೆಗೆ ಪೆಟ್ಟು ಬಿದ್ದಿತ್ತು ಎಂದಿತು ಠಾಣೆ. ಕ್ಯಾಮೆರಾದ ಚಿತ್ರ ತೋರಿಸಿ ಎಂದರೆ, ಅವತ್ತು ಅದು ಬಂದ್ ಇತ್ತು ಎಂದಿತು.

ಅರ್ಜಿಗಳು ಶುರುವಾದದ್ದು ಆಗ. ಕಾಕೂ ಕನ್ನಡದಲ್ಲಿ ಹೇಳುವರು, ನಾನು ಸರಕಾರಿ ಮರಾಠಿಯಲ್ಲಿ ಬರೆಯುವೆ. "ಎಮ್ಮೆ ಆಗೀದಿ, ಒಂದ ಅರ್ಜಿಗಿ ಮೂರ ಚಹಾ ಬೇಕೇನ ನಿನಗ?" ಎನ್ನುವರು. ಅವರು ಕೇಳುತ್ತಿದ್ದದ್ದು ಎರಡೇ: ಅವತ್ತಿನ ಚಿತ್ರ ಮತ್ತು ಠಾಣೆಯ ಡೈರಿ ತೋರಿಸಬೇಕು, ಮನಸ್ಸಿನ ಕಾಯಿಲೆಯವರು ಎಂಬ ಸಂಶಯ ಬಂದರೆ ಯಾವ ಠಾಣೆಯಾದರೂ ಮೊದಲು ಡಾಕ್ಟರನ್ನು ಕರೆಯಬೇಕು.

ದೊಡ್ಡ ಸಾಹೇಬರೊಬ್ಬರು ಜನರ ದೂರು ಕೇಳಲು ಬರುವರೆಂದು ತಿಳಿದಾಗ, ಹೇಳಿಕೆ ಬರೆದುಕೊಟ್ಟೆ. ಕಾಕೂ ಮರಾಠಿ ಶಾಲೆಯಲ್ಲಿ ಓದಿದವರು. ಬೆರಳಿಟ್ಟು ಓದುತ್ತ ಒಂದು ಕಡೆ ನಿಂತರು.

"ಫೋನಿನ್ಯಾಗ ನಾ ಸುಳ್ಳ ಹೇಳಿದ್ದು ಎಲ್ಲಿ ಹೋತು?"

"ಬಿಟ್ಟೀನ್ರಿ. ಅದನ್ನ ಹಿಡಕೊಂಡು ಎಲ್ಲಾ ನಿಮ್ಮ ಮ್ಯಾಲೇ ಹಾಕತಾರ."

"ಹಾಕಲಿ. ನನ್ನ ಮಗ್ಗಲಾ ನಾ ಮೊದಲ ತೋರಸ್ತೀನಿ. ಆಮ್ಯಾಲೆ ಅವರದ ತೋರಸ್ರಿ ಅಂತೀನಿ."

ಸಭೆಯಲ್ಲಿ ಅವರು ಹಸಿರು ಸೀರೆ ಉಟ್ಟಿದ್ದರು ಎಂದು ನನ್ನ ನೆನಪು. ದಿನಚರಿಯಲ್ಲಿ ಬೂದು ಎಂದಿದೆ. ಆದರೆ ಮಾತಿನ ಬಗ್ಗೆ ಅನುಮಾನವಿಲ್ಲ. ಮರಾಠಿಯಲ್ಲಿ ಶುರು ಮಾಡಿ, ಮಗನ ಹೆಸರು ಬಂದ ಕೂಡಲೇ ಕನ್ನಡಕ್ಕೆ ಹೊರಳಿದರು. "ನನ್ನ ಮಗಗ ಮನಸಿನ ಬ್ಯಾನಿ ಇತ್ತರಿ. ಕೇಳಿದಾಗ ಇಲ್ಲ ಅಂದೆ. ಆ ತಪ್ಪು ನಂದು. ಇನ್ನ ನಿಮ್ಮದ ಹೇಳ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಹಿಂದಿನಿಂದ ಭಂಡಾರಕವಠೆಯ ಕುರಿ ಕಾಯುವ ಮುದುಕನೊಬ್ಬ ಎದ್ದು, "ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ್ರಿ. ಇಷ್ಟ ದಿನಾ ಯಾರ ಮುಂದೂ ಅಂದಿದ್ದಿಲ್ಲ" ಎಂದ. ಅವನ ಹಿಂದೆ ಮತ್ತೊಬ್ಬಳು ಎದ್ದಳು. ಡಾಕ್ಟರನ್ನು ಕರೆಯಬೇಕೆಂಬ ಆದೇಶ ಅವತ್ತೇ ಆಯಿತು. ಚಿತ್ರ ಇವತ್ತಿಗೂ ಬಂದಿಲ್ಲ.

ಇಷ್ಟು ಹೇಳಿ ಈಗ ಕಪಾಟಿನಿಂದ ಬಿದ್ದ ದಿನಚರಿಗೆ ಬರಬೇಕು. ಆ ಗುರುವಾರ ನಾನೂ ಅಕ್ಕಲಕೋಟದಲ್ಲಿದ್ದೆ. ಹೊರಟ ಬಸ್ಸಿನ ಕಿಟಕಿಯಿಂದ ದೂರದಲ್ಲಿ ಮಲ್ಲುವಿನಂಥ ಯಾರನ್ನೋ ಕಂಡ ಹಾಗೆ ನನ್ನ ನೆನಪು. ಖಾತ್ರಿಯಿಲ್ಲದ್ದನ್ನು ಹೇಳಿ ತಾಯಿಯನ್ನು ನೋಯಿಸುವುದೇಕೆ ಎಂದು ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ನೆಲದ ಮೇಲೆ ಕೂತು ಆ ಪುಟ ತೆಗೆದೆ. ನನ್ನದೇ ಅಕ್ಷರ: "ನಾಲ್ಕು ಗಂಟೆ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಮಲ್ಲು, ಎರಡು ಮಾರು ದೂರ. ಬರಿಗಾಲು. ಬಿಳಿ ಅಂಗಿ, ತಲೆ ಒಪ್ಪವಾಗಿ ಬಾಚಿದೆ. ನನ್ನ ಹೆಸರು ಹಿಡಿದು ಕರೆದ. ಮಾತಿಗೆ ಸಿಕ್ಕರೆ ಬಿಡುವುದಿಲ್ಲ ಎಂದು ಕೇಳದವನಂತೆ ಬಸ್ ಹತ್ತಿದೆ."

ಆಗ ಅವನ ತಲೆಗೆ ಪೆಟ್ಟಿರಲಿಲ್ಲ. ಅದನ್ನು ಹೇಳಬಲ್ಲವನು ಎರಡು ವರ್ಷ ಅವರೆದುರೇ ಕೂತು ಚಹಾ ಕುಡಿದಿದ್ದ.

ದಿನಚರಿ ಹಿಡಿದು ಅಂಗಡಿಗೆ ಹೋದೆ. "ನನಗ ಕನ್ನಡ ಓದಾಕ ಬರೂದಿಲ್ಲ, ನೀನ ಓದು" ಎಂದರು ಕಾಕೂ. ಓದಿದೆ. ಕಡೆಯ ಸಾಲನ್ನೂ ಬಿಡದೆ ಓದಿದೆ.

"ತಲಿ ಬಾಚಿತ್ತಾ?"

"ಬಾಚಿತ್ತರಿ."

"ಮುಂಜಾನಿ ನಾನ ಬಾಚಿದ್ದೆ." ದಿನಚರಿಯ ಪುಟದ ಮೇಲೆ ಬೆರಳಿಟ್ಟು ಹೇಳಿದರು, "ನೀ ಮಾತಾಡಸಿದ್ರ ನಿಂದರತಿದ್ದ."

ಹೊರಗೆ ಹೋಗು ಎಂದಿದ್ದರೆ ಹೋಗುತ್ತಿದ್ದೆ. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು. ಕಾಕೂ ಒಂದು ಚಾದರ ಎಳೆದರು.

"ನಿನ್ನ ಹೆಸರ ಹಾಕಿ ಬರಿ ಹೇಳಿಕಿ. ಕೇಳದವರಗತೆ ಹ್ವಾದದ್ದೂ ಬರಿ," ಎಂದು ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು. "ಹಿಡಿ."

ಹಿಡಿದು, ಹಿಂದೆ ಸರಿಯುತ್ತ ಹೋದೆ, ಅದು ಪೂರಾ ಬಿಚ್ಚುವವರೆಗೆ.