ಯಾವ ಅಕ್ಕಿ

ಗೆಳೆಯರೇ, ಇವತ್ತು ನಮ್ಮ ಬೆಟ್ಟದ ಶಾಲೆಯ ಒಂದನೇ ಕ್ಲಾಸಿನ ಮಾದೇವಿಯ ಮುಂದೆ ಮೇಷ್ಟ್ರಾದ ನಾನು ಸೋತೆ. ತಾಳವಾಡಿಯಿಂದ ಬಂದ ಸೈಕ್ಲೋಸ್ಟೈಲ್ ಮಾಡಿದ ಚಿತ್ರಕತೆ ಪುಸ್ತಕದಲ್ಲಿ ‘ಹಕ್ಕಿ ಅಕ್ಕಿ ತಿಂದಿತು’ ಎಂದಿತ್ತು. ಅವಳು ಬೆರಳಿಟ್ಟು ಓದಿದಳು: “ಅಕ್ಕಿ ಅಕ್ಕಿ ತಿಂದಿತು.”

“ಹ ಅನ್ನವ್ವಾ, ಹ,” ಎಂದೆ.

“ಹಕ್ಕಿ ಹಕ್ಕಿ ತಿಂದಿತು.”

ಅದೂ ತಪ್ಪು ಎಂದಾಗ ಅವಳ ಕಣ್ಣು ತುಂಬಿತು. ಮೂಗೊರೆಸಿಕೊಂಡು ಚಿತ್ರ ತೋರಿಸಿದಳು. “ಕೊಕ್ಕಿರೋ ಅಕ್ಕಿ ಕೊಕ್ಕಿಲ್ದಿರೋ ಅಕ್ಕಿಯ ತಿಂತಾ ಅದ ಸಾ. ನಿಮ್ಗ ಕಾಣಲ್ವಾ?”

ಅಷ್ಟರಲ್ಲಿ ಹೊರಗೆ ಬಿಸಿಲಿಗೆ ಹರವಿದ್ದ ಮಧ್ಯಾಹ್ನದ ಊಟದ ಅಕ್ಕಿಗೆ ಗುಬ್ಬಿಗಳು ಮುತ್ತಿದವು. “ಅಕ್ಕಿ ಓಡುಸ್ರಲಾ,” ಎಂದು ಕೂಗಿಬಿಟ್ಟೆ. ನಾನೂ ಇದೇ ಬೆಟ್ಟದಲ್ಲಿ ಹುಟ್ಟಿದವನು. ಮಕ್ಕಳೆಲ್ಲ ಎದ್ದು ಓಡಿದರು.

ಯಾವ ಅಕ್ಕಿ ಎಂದು ಒಬ್ಬರೂ ಕೇಳಲಿಲ್ಲ.