ಮೇಷ್ಟ್ರಿಗೊಂದು ವಿಶೇಷಣ

ಕೇಳಿ ಮಹಾಜನಗಳೇ! ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ನಮ್ಮ ಇಂಗ್ಲಿಷ್ ಮೇಷ್ಟ್ರ ಸನ್ಮಾನದ ಫ್ಲೆಕ್ಸ್ ಕಂಡೆ. ಹೆಸರಿನ ಹಿಂದೆ ‘ಸರಳ, ಸಜ್ಜನ, ಮಾತೃಹೃದಯಿ’ ಎಂಬ ಭೋಪರಾಕು! ಓದುತ್ತಿದ್ದಂತೆ ಅವರ ಹಳೇ ನಸ್ಯದ ಘಾಟು ಮೂಗಿಗೆ ಬಡಿಯಿತು.

ಏಳನೇ ಕ್ಲಾಸಿನಲ್ಲಿ ವಿಶೇಷಣ ಕಲಿಸಲು ಈ ಮಹಾನುಭಾವರು ಪುಸ್ತಕ ತೆರೆಯುತ್ತಿರಲಿಲ್ಲ. ಕಂದು ಕಲೆಯ ಕರ್ಚೀಫಿಗೆ ಮೂಗೊರೆಸಿ, ಮಕ್ಕಳನ್ನೇ ಒಬ್ಬೊಬ್ಬರಾಗಿ ಹಲಗೆಯ ಮುಂದೆ ನಿಲ್ಲಿಸುತ್ತಿದ್ದರು. ದಪ್ಪಗಿದ್ದವನು ‘ಫ್ಯಾಟ್’, ಹರಿದ ಅಂಗಿಯವನು ‘ಪೂರ್’. ಅದನ್ನು ಕ್ಲಾಸೆಲ್ಲ ಒಟ್ಟಾಗಿ ಕೂಗಬೇಕು.

ಆ ವರ್ಷ ಶಾಲೆಯ ನಾಟಕದಲ್ಲಿ ನಮ್ಮ ಕ್ಲಾಸಿನ ಶಾರದೆ ರಾಣಿ. ಅವಳು ಬಾಯಿಬಿಟ್ಟರೆ ಹೆಂಚು ನಡುಗುತ್ತಿತ್ತು. ಒಂದು ದಿನ ಅವಳ ಸರದಿ ಬಂತು.

“ಇವ್ಳು ಎಂಥವ್ಳ್ರೋ?” ಎಂದರು ಮೇಷ್ಟ್ರು.

“ಬ್ರೇವ್ ಸಾರ್!” ಎಂದ ಮುಂದಿನ ಬೆಂಚಿನ ಗಣಪ.

“ಬ್ರೇವಂತೆ! ಮುಖ ನೋಡಿ ಹೇಳೋ ಮಂಕೇ. ಅಗ್ಲಿ! ಎಲ್ರೂ ಹೇಳಿ, ಅಗ್ಲಿ!”

ಕ್ಲಾಸು ಕೂಗಿತು. ಮರುದಿನ ಶಾರದೆ ರಟ್ಟಿನ ಕಿರೀಟವನ್ನು ಮೇಜಿನ ಮೇಲಿಟ್ಟು, “ನಂಗೆ ರಾಣಿ ಪಾರ್ಟು ಬ್ಯಾಡ” ಎಂದಳು. ಮಾತೃಹೃದಯಿಗಳು ಇನ್ನೊಂದು ಚಿಟಿಕೆ ನಸ್ಯ ಏರಿಸಿ ಸೀನಿದರು, ಅಷ್ಟೇ. ಆ ಕಂಠವನ್ನು ಮತ್ತೆ ಯಾವ ರಂಗವೂ ಕೇಳಲಿಲ್ಲ.

ಈಗ ಊರಿನ ಸಭೆಗಳ ಮೈಕಿಗೆಲ್ಲ ನನ್ನದೇ ಗಂಟಲು. ಇವತ್ತು ಮನೆಗೆ ಬರುವಷ್ಟರಲ್ಲಿ ಸನ್ಮಾನ ಸಮಿತಿಯವರ ಫೋನು. “ನಿಮ್ಮ ಗಂಟ್ಲು ಬೇಕಿತ್ತು ಮಾರಾಯ್ರೆ. ಮೇಷ್ಟ್ರ ಬಗ್ಗೆ ಎರಡು ಮಾತಾಡ್ಬೇಕು.”

“ಬರ್ತೀನಿ. ಮೇಷ್ಟ್ರನ್ನ ವೇದಿಕೆ ಮಧ್ಯ ನಿಲ್ಸಿ. ಎದುರಿಗೆ ಶಾರದೆಯನ್ನ ಕೂರ್ಸಿ. ಇವ್ರು ಎಂಥವ್ರು ಅಂತ ಅವ್ಳು ಹೇಳ್ಲಿ, ನಾನು ಮೈಕಲ್ಲಿ ಕೂಗ್ತೀನಿ” ಎಂದೆ.

ಆ ಕಡೆಯವರು ಫೋನಿಟ್ಟರು.