ಸಾಬಣ್ಣನ ಕತ್ತಿ, ಇಪ್ಪತ್ತು ಗಲ್ಲ

ಹೋದ ತಿಂಗಳು ನಾನೊಂದು ಪುಕ್ಕಟೆ ಗಡ್ಡ ಮಾಡಿಸಿಕೊಂಡೆ. ಮಾಡಿದವನು ಸಾಬಣ್ಣ. ವಡಗೇರಾದವನು, ನನ್ನ ಶಾಲೆಯ ಗೆಳೆಯ. ಅಪ್ಪ ಭೀಮಾ ನದಿಗೆ ಬಲೆ ಹಾಕುತ್ತಿದ್ದರು; ಮಗ ಸರಕು ಹಡಗಿನಲ್ಲಿ ಖಲಾಸಿ. (ಅವನಿಗೆ ನದಿ ಸಾಲಲಿಲ್ಲ.)

ಹಡಗಿನಲ್ಲಿ ಕಟಿಂಗ್ ಶಾಪ್ ಇರುತ್ತದೆಯೇ? ತಿಂಗಳುಗಟ್ಟಲೆ ನೀರಿನ ಮೇಲಿರುವವರು ಒಬ್ಬರ ಕೂದಲು ಒಬ್ಬರು ಕತ್ತರಿಸುತ್ತಾರೆ. ಸಾಬಣ್ಣನ ಕೈ ಹಗುರ ಎಂದು ಎಲ್ಲರೂ ಅವನ ಮುಂದೆಯೇ ಕೂರುತ್ತಿದ್ದರಂತೆ. ಇಪ್ಪತ್ತು ಗಲ್ಲಕ್ಕೆ ಒಂದೇ ಕ್ಷೌರದ ಮಡಚುಗತ್ತಿ. ಕೊನೆಗೆ ಅದರಲ್ಲೇ ತನ್ನ ಗಡ್ಡವೂ.

"ಐದು ವರ್ಷ ಆತು, ಧಾರ ಹೋಗಿಲ್ಲ ನೋಡು!" ಎಂದು ನನ್ನ ಗಲ್ಲದ ಮೇಲೂ ಜಂಬ ತೋರಿಸಿದ. ಚೂರು ರಕ್ತ ಬಂತು. ನಕ್ಕುಬಿಟ್ಟೆ.

ಎಂಟೇ ದಿನಕ್ಕೆ ಅವನ ಫೋನು. ಮುಂದಿನ ಹಡಗು ಹತ್ತುವ ಮುಂಚಿನ ಮೆಡಿಕಲ್ ಟೆಸ್ಟಿನಲ್ಲಿ ಹೆಪಟೈಟಿಸ್ ಬಿ ಬಂದಿತ್ತು.

"ಕಾಮಣಿನಂತ ಅದು, ಕಣ್ಣು ಹಳದಿ ಆಗೋ ರೋಗ. ದೇವಾಪುರದಾಗ ಸೂಜಿ ಕಾಸಿ ಬರಿ ಹಾಕೋ ಆಯಿ ಅದಾಳ. ಜಲ್ದಿ ಗಾಡಿ ತಗಿ."

ನಾನು ಡಿಗ್ರಿ ಓದಿದವನು. ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವನು. ಏನು ಮಾಡಿದೆ? ಗಾಡಿ ತೆಗೆದೆ! ಶಹಾಪುರ, ಸುರಪುರ ದಾಟಿಸಿ ದೇವಾಪುರಕ್ಕೆ ಒಯ್ದೆ. (ಶಹಾಪುರದಲ್ಲಿ ಮಿರ್ಚಿ ಭಜಿ ಬೇರೆ ತಿಂದೆವು. ಲಿವರ್ ರೋಗಿಗೆ!)

ಸೂಜಿಯನ್ನು ಕೆಂಡಕ್ಕಿಡುವ ಮುಂಚೆ ಆಯಿ ಅವನ ಕಣ್ಣು ಅಗಲಿಸಿ ನೋಡಿದಳು.

"ಹಳದಿ ಎಲ್ಲದಪ್ಪ? ಕಣ್ಣು ಬೆಳ್ಳಗ ಅವ. ಸುಮ್ಮನ ಯಾಕ ಸುಡ್ಲಿ? ಮನಿಗಿ ನಡಿ."

ಸಾಬಣ್ಣ ಕುಣಿದುಬಿಟ್ಟ. ಟೆಸ್ಟೇ ಸುಳ್ಳು ಎಂದ. ನಾಚಿಕೆಯ ಮಾತು, ನನಗೂ ಹೌದೆನಿಸಿತು.

ನಂಬದವಳು ಅವನ ಹೆಂಡತಿ ಈರಮ್ಮ. ರಿಪೋರ್ಟು ಹಿಡಿದು ನಮ್ಮಿಬ್ಬರನ್ನೂ ಯಾದಗಿರಿಯ ಡಾಕ್ಟರ ಮುಂದೆ ಕೂರಿಸಿದಳು. ಕಣ್ಣು ಹಳದಿಯಾಗದೆಯೂ ಈ ವೈರಸ್ ವರ್ಷಗಟ್ಟಲೆ ಲಿವರಿನಲ್ಲಿ ಕೂರಬಹುದು ಎಂದರು ಡಾಕ್ಟರು. ರಕ್ತದಿಂದ ಹರಡುತ್ತದೆ, ರೇಜರಿನಿಂದಲೂ; ಗಂಡಹೆಂಡಿರ ನಡುವೆಯೂ. ಅವನಿಗೆ ಇನ್ನಷ್ಟು ತಪಾಸಣೆ, ಬೇಕಾದರೆ ಮಾತ್ರೆ. ನಮಗೆ ಟೆಸ್ಟು, ಲಸಿಕೆ. ಫಲಿತಾಂಶ ಬಂತು. ಈರಮ್ಮನಿಗೂ ರೋಗವಿಲ್ಲ, ನನಗೂ ಇಲ್ಲ. (ನನ್ನದು ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕಂತೆ. ನೋಡೋಣ.)

ಮುಗಿಯಿತು ಅಂದುಕೊಂಡೆ. ಈರಮ್ಮನಿಗೆ ಮುಗಿದಿರಲಿಲ್ಲ.

"ನಮ್ಮದಾತು. ಹಡಗಿನ್ಯಾಗ ಅಷ್ಟು ಮಂದಿ ಗಲ್ಲಾ ಕೆರದೀರಲ್ಲ, ಅವರಿಗೇನು ಹೆಂಡ್ರಿಲ್ಲೇನು?"

"ಹೇಳಿದ್ರ ನನ್ನ ನೌಕರಿ ಹೋಗ್ತದ. ಯಾವ ಹಡಗಿನವ್ರೂ ಕರಿಯಂಗಿಲ್ಲ."

"ಕರಿಯದಿದ್ರ ಮಾವನ ಮೀನಿನ ಬಲಿ ಅದ, ಹಿಡೀರಿ. ಮಂದಿ ಜೀವ ಹೋದ್ರ ಏನು ಹಿಡೀತೀರಿ?"

ಮೂರನೆಯ ದಿನ ಸಾಬಣ್ಣ ನನ್ನೆದುರೇ ಹಡಗಿನವರ ವಾಟ್ಸಾಪ್ ಗ್ರೂಪಿಗೆ ತನ್ನ ಹರಕು ಇಂಗ್ಲಿಷಿನಲ್ಲಿ ಬರೆದ: ನನಗೆ ಹೀಗಾಗಿದೆ, ಎಲ್ಲರೂ ಟೆಸ್ಟ್ ಮಾಡಿಸಿ, ಇನ್ನು ಅವರವರ ರೇಜರು ಅವರವರಿಗೆ. ಗೆಳೆಯನ ಮೇಲೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಎಲ್ಲರೂ ಓದಿದರು. ಆಮೇಲೆ ಎಂಜಿನ್ ರೂಮಿನವನೊಬ್ಬನ ಉತ್ತರ ಬಂತು: ನನಗೂ ಇದೆ, ಎರಡು ವರ್ಷದಿಂದ, ನೌಕರಿ ಹೋದೀತೆಂದು ಹೇಳಲಿಲ್ಲ.

"ಇಂವ ನನ್ನ ಖಾಸ್ ದೋಸ್ತ! ವಾರಕ್ಕೊಮ್ಮಿ ನನ್ನ ಮುಂದ ಕುಂದರ್ತಿದ್ದ, ಆಮ್ಯಾಲ ಅದೇ ಕತ್ತಿ ನನ್ನ ಗಲ್ಲಕ್ಕ!" ಎಂದು ಸಾಬಣ್ಣ ಫೋನನ್ನೇ ನೋಡುತ್ತ ಕುಳಿತ. ಬೈಯಲಿಲ್ಲ. ಬೈಯುವ ಹಾಗೂ ಇರಲಿಲ್ಲ. ಮೂರು ದಿನದ ಹಿಂದೆ ಇವನೂ ಅದನ್ನೇ ಹೇಳುತ್ತಿದ್ದ.

ಸಾಬಣ್ಣನ ಕತ್ತಿಯ ಕೆಳಗೆ ಕುತ್ತಿಗೆ ಕೊಡುವಷ್ಟು ನಂಬಿದ್ದವನಿಗೆ, ಒಂದು ಮಾತು ಹೇಳುವಷ್ಟು ನಂಬಿಕೆ ಯಾಕಿರಲಿಲ್ಲ?